ಕಾರಿಗೊಂದು ಬೆರಳು

ನನ್ನ ಗಂಡ ಮುನಿವೆಂಕಟಪ್ಪ ಮೂವತ್ತೊಂದು ವರ್ಷ ಸರ್ಕಾರಿ ಬಸ್ಸು ಓಡಿಸಿ, ಒಂದು ಕೋಳಿಯನ್ನೂ ಕೊಲ್ಲದೆ ನಿವೃತ್ತರಾದರು. ಹಾಗೆ ಕೊಲ್ಲದೆ ಉಳಿಸಿಕೊಂಡಿದ್ದ ಶಕ್ತಿಯನ್ನೆಲ್ಲ ಮಾರನೆಯ ದಿನದಿಂದ ನನ್ನ ಅಡುಗೆಮನೆಯ ಮೇಲೆ ಪ್ರಯೋಗಿಸಿದರು.

ಮೊದಲ ವಾರವೇ ಡಬ್ಬಿಗಳು ಜಾಗ ಬದಲಾಯಿಸಿದವು. ಡ್ರೈವರ್ ಸೀಟಿನಲ್ಲಿ ಕೂತವನಿಗೆ ಹೇಗೆ ಗಿಯರು, ಹಾರನ್ನು, ಲೈಟು ಎಲ್ಲ ಕಣ್ಣು ಹಾಯಿಸದೆ ಕೈಗೆ ಸಿಗಬೇಕೋ ಹಾಗೆ ಅಡುಗೆಯವಳಿಗೆ ಉಪ್ಪು, ಹುಣಸೆಹಣ್ಣು, ಸಾಸಿವೆ ಸಿಗಬೇಕು ಎಂಬುದು ಅವರ ಸಿದ್ಧಾಂತ. ಸಿದ್ಧಾಂತ ಸರಿಯಾಗಿಯೇ ಇತ್ತು. ಮೂವತ್ತು ವರ್ಷದಿಂದ ನನಗೆ ಅವು ಕಣ್ಣು ಹಾಯಿಸದೆಯೇ ಸಿಗುತ್ತಿದ್ದವು. ಇವರು ವೈಜ್ಞಾನಿಕವಾಗಿ ಜೋಡಿಸಿದ ಮೇಲೆ ಉಪ್ಪಿಗೆ ಕೈ ಹಾಕಿದರೆ ಸೋಪಿನ ಪುಡಿ ಸಿಗತೊಡಗಿತು.

ಕುಕ್ಕರಿನ ಜೊತೆ ಅವರಿಗೆ ತಾತ್ವಿಕ ಜಗಳ. ಬಸ್ಸಿನಲ್ಲಿ ಕಂಡಕ್ಟರು ಒಂದು ವಿಸಿಲ್ ಹಾಕಿದರೆ ನಿಲ್ಲಬೇಕು, ಎರಡು ಹಾಕಿದರೆ ಹೊರಡಬೇಕು. ಮೂರಕ್ಕೆ ಇಲಾಖೆಯಲ್ಲಿ ಅರ್ಥವೇ ಇಲ್ಲ. ಆದ್ದರಿಂದ ನಮ್ಮ ಮನೆಯ ಬೇಳೆ ಎರಡನೆಯ ವಿಸಿಲ್ಲಿಗೇ ಒಲೆಯಿಂದ ಹೊರಡುತ್ತಿತ್ತು. ಎಂಟು ತಿಂಗಳು ನಾವು ಬೇಯದ ಬೇಳೆ ತಿಂದೆವು.

ಪಕ್ಕದ ಮನೆಯ ಸತ್ಯಾ ನನ್ನ ಮುಖ ನೋಡಿ ಏನಾದರೂ ಕಾಯಿಲೆಯೇ ಎಂದು ಕೇಳಿದಳು. ಕಾಯಿಲೆಯಲ್ಲ, ಗಂಡ ಮನೆಯಲ್ಲಿದ್ದಾರೆ ಎಂದೆ. ಅವಳ ಗಂಡನಿಗೆ ಇನ್ನೂ ಸರ್ವೀಸು ಹನ್ನೊಂದು ವರ್ಷ ಬಾಕಿ ಇದ್ದುದರಿಂದ ಅವಳು ನಕ್ಕಳು. ನಾನು ಮಾತ್ರ ದಿನಾ ದೀಪ ಹಚ್ಚುವಾಗ ಒಂದೇ ವರ ಬೇಡುತ್ತಿದ್ದೆ. ಒಡವೆ ಬೇಡ, ವಸ್ತ್ರ ಬೇಡ. ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಈ ಮನೆ ಸದ್ದಿಲ್ಲದೆ ಇರಲಿ, ಅಷ್ಟೇ ಸಾಕು.

ದೇವರು ಧನಶೇಖರನ ರೂಪದಲ್ಲಿ ಬಂದ. ಧನಶೇಖರ್ ದೂರದ ನಂಟಿನಲ್ಲಿ ನಮ್ಮವರಿಗೆ ಅಳಿಯನಾಗಬೇಕು. ಅವನ ತಾತ ಕಾರಿಮಂಗಲಂ ಕಡೆ ಕುರಿ ಮೇಯಿಸುತ್ತಿದ್ದವರು. ಇವನಿಗೆ ಈಗ ನಾವಿರುವ ಸೇಲಂನ ಹೊರವಲಯದಲ್ಲಿ ಜವ್ವರಿಸಿ ಮಿಲ್ಲಿದೆ, ಸಬ್ಬಕ್ಕಿ ಮಾಡುವ ಕಾರ್ಖಾನೆ. ಹೊಸದಾಗಿ ಒಂದು ಕಾರು ಕೊಂಡಿದ್ದ. ಕಾರು ಎನ್ನುವುದು ವಿನಯದ ಮಾತು. ಅದು ನಮ್ಮ ಬೀದಿಗೆ ಬಂದ ದಿನ ಎದುರಿನಿಂದ ಬಂದ ತರಕಾರಿ ಗಾಡಿ ಸಂದಿಯವರೆಗೂ ಹಿಂದಕ್ಕೆ ಹೋಗಬೇಕಾಯಿತು. ಇದ್ದ ಡ್ರೈವರು ಕೊಯಮತ್ತೂರಿಗೆ ಹೋಗಿಬಿಟ್ಟಿದ್ದ. ನಂಬಿಕಸ್ಥರು ಬೇಕಾಗಿತ್ತು, ಹತ್ತರಿಂದ ಐದು.

ನಾನು ಒಳಗಿನಿಂದ ಕಾಫಿ ತರುವಷ್ಟರಲ್ಲಿ ಸಂದರ್ಶನ ಮುಗಿಯುವ ಹಂತದಲ್ಲಿತ್ತು. ಧನಶೇಖರ್ ಕಾರಿನ ಬಾಗಿಲು ತೆರೆದು ತೋರಿಸುತ್ತಿದ್ದ. ಒಳಗೆ ಮೊರದಗಲದ ಒಂದು ಗಾಜಿನ ಪರದೆ. ಅದು ಬಿಟ್ಟರೆ ಸ್ಟೀರಿಂಗು. ಒಂದು ಬಟನ್ನಿಲ್ಲ, ತಿರುಗಿಸುವ ಗುಂಡಿಯಿಲ್ಲ, ಎಳೆಯುವ ಹಿಡಿಯಿಲ್ಲ. ಒರೆಸಿಟ್ಟ ಅಡುಗೆಕಟ್ಟೆಯ ಹಾಗೆ ಬೋಳಾಗಿತ್ತು.

"ಮಾವಾ, ಎಲ್ಲಾ ಟಚ್ಚು. ಏಸಿ, ರೇಡಿಯೋ ಪಾಟು, ಮ್ಯಾಲಿನ ಚಾವಣಿ, ಎಲ್ಲಾ ಇದ್ರೊಳಗೇ ಐತೆ. ನಿಮ್ಗೆ ಬರ್ತೈತಾ?"

ಬರುವುದಿಲ್ಲ ಎಂಬ ಪದ ನಮ್ಮವರ ಬಾಯಲ್ಲಿ ಮೂವತ್ತೊಂದು ವರ್ಷದಲ್ಲಿ ಬಂದದ್ದಿಲ್ಲ.

"ನಲವತ್ತು ಸ್ವಿಚ್ಚು ಕತ್ಲಾಗೆ ಒತ್ತಿವ್ನಿ. ನಿನ್ನ ವಂಡೀಲಿ ಒತ್ತೋದೂ ಬ್ಯಾಡ, ಮುಟ್ಟುದ್ರೆ ಸಾಕು ಅಂತೀಯ. ಅಂಗಾರೆ ಕೆಲ್ಸ ಕಮ್ಮೀನೇ ಆಯ್ತಲ್ಲಪ್ಪ," ಎಂದರು.

ಧನಶೇಖರನಿಗೆ ಸಮಾಧಾನವಾಯಿತು. ಶುಕ್ರವಾರ ಅವನ ತಾಯಿ ಚಿನ್ನಕ್ಕನನ್ನು ಪಾಪಿರೆಡ್ಡಿಪಟ್ಟಿಗೆ ಕರೆದುಕೊಂಡು ಹೋಗಿ ಬರಬೇಕು. ಅಲ್ಲಿ ಚಿನ್ನಕ್ಕನ ತಂಗಿ ಮಾರಕ್ಕನ ಮನೆಯಲ್ಲಿ ಮೊಮ್ಮಗುವಿಗೆ ಕಿವಿ ಚುಚ್ಚುವ ಶಾಸ್ತ್ರ. ಅಮ್ಮ ಸುಖವಾಗಿ ಹೋಗಿ ಸುಖವಾಗಿ ಬಂದರೆ ಸೋಮವಾರದಿಂದ ಕೆಲಸ.

ಅವನು ಹೋದ ಮೇಲೆ ನಮ್ಮವರು ನನ್ನ ಫೋನು ಕೇಳಿದರು. ಅವರದು ಹಳೆಯ ಬಟನ್ ಫೋನು. ಟಚ್ಚಿನ ಅಭ್ಯಾಸಕ್ಕೆ ನನ್ನದು ಬೇಕಾಯಿತು. ಹೆಬ್ಬೆರಳಿಟ್ಟರು, ಏನೂ ಆಗಲಿಲ್ಲ. ತೋರುಬೆರಳಿಟ್ಟರು, ಆಗಲಿಲ್ಲ. ಹತ್ತು ಬೆರಳನ್ನೂ ಸರದಿಯಲ್ಲಿ ನಿಲ್ಲಿಸಿ ನೋಡಿದರು. ಅಷ್ಟು ವರ್ಷ ಗಿಯರು ತಿರುವಿ ತಿರುವಿ ಆ ಬೆರಳ ತುದಿಗಳು ಒಣಗಿದ ಬಾಳೆದಿಂಡಿನ ಹಾಗಾಗಿದ್ದವು. ಪರದೆಗೆ ಅಲ್ಲೊಂದು ಮನುಷ್ಯಪ್ರಾಣಿ ಇದೆಯೆಂಬುದೇ ತಿಳಿಯುತ್ತಿರಲಿಲ್ಲ. ಕೊನೆಗೆ ನಾನು ಪಾತ್ರೆ ತೊಳೆದ ಕೈ ಸೆರಗಿಗೆ ಒರೆಸಿಕೊಂಡು ಒಂದು ಸಲ ಮುಟ್ಟಿದೆ. ಫೋನು ಥಟ್ಟನೆ ಎದ್ದು ಕೂತಿತು.

ಅವರು ಬಹಳ ಹೊತ್ತು ನನ್ನ ಬೆರಳನ್ನೇ ನೋಡಿದರು. ನಂತರ ಅಮ್ಮನಿಗೆ ದಾರಿಯಲ್ಲಿ ಹೆಣ್ಣು ಜೊತೆ ಇದ್ದರೆ ಚೆಂದವೆಂದು ಧನಶೇಖರನಿಗೆ ಫೋನು ಮಾಡಿದರು. ಹೀಗೆ ನಾನು ನನ್ನದೇ ವರವನ್ನು ಪಡೆಯಲು ನನ್ನದೇ ಬೆರಳು ಹೊತ್ತುಕೊಂಡು ಹೊರಡಬೇಕಾಯಿತು.

ಶುಕ್ರವಾರ ಬೆಳಿಗ್ಗೆ ನಾವು ಹೋಗುವ ಹೊತ್ತಿಗೆ ಚಿನ್ನಕ್ಕ ಕಾರಿನ ಸುತ್ತ ಮೂರು ಸುತ್ತು ಬಂದಾಗಿತ್ತು. ಎಪ್ಪತ್ತೆಂಟು ವಯಸ್ಸಿನ ಬಾಗಿದ ಬೆನ್ನಿನ ಮುದುಕಿ. ಮಗನ ಮಿಲ್ಲಿನ ಪ್ರತಿಯೊಂದು ಯಂತ್ರಕ್ಕೂ ವಿಭೂತಿ ಹಚ್ಚಿದ ಕೈ ಅವಳದು. ಮಗ ಮಿಲ್ಲಿಗೆ ಹೋಗಿಬಿಟ್ಟಿದ್ದ. ಅವಳು ನಾಲ್ಕು ಚಕ್ರದ ಕೆಳಗೂ ನಿಂಬೆಹಣ್ಣಿಟ್ಟಿದ್ದಳು. ಈಗ ಬಟ್ಟಲಿನಲ್ಲಿ ನೀರು ಬೆರೆಸಿ ಕಲಸಿದ ವಿಭೂತಿ ಹಿಡಿದು, ಈ ಗಾಡಿಯ ಮುಖ ಯಾವುದು ಎಂದು ವಿಚಾರಿಸುತ್ತಿದ್ದಳು. ನಮ್ಮವರು ಮುಂದಿನ ಬಾನೆಟ್ಟು ತೋರಿಸಿದರು. ಅದು ಮೂತಿ, ಮುಖವಲ್ಲ ಎಂದಳು. ಅಷ್ಟರಲ್ಲಿ ನಾನು ಬಾಗಿಲು ತೆರೆದೆ. ಪರದೆ ಬೆಳಗಿತು, ನೀಲಿ ಬೆಳಕು ಬಿಟ್ಟು ಏನೋ ಸ್ವಾಗತದ ರಾಗ ಹಾಡಿತು.

"ಇಲ್ಲೈತೆ ನೋಡು ಮುಖ. ಕಣ್ಣು ಬಿಡ್ತೈತೆ," ಎಂದ ಚಿನ್ನಕ್ಕ, ಯಾರೂ ಬೇಡವೆನ್ನುವ ಮೊದಲೇ ಮೂರು ಬೆರಳನ್ನೂ ಬಟ್ಟಲಲ್ಲಿ ಅದ್ದಿ ಆ ಪರದೆಯ ಈ ಕೊನೆಯಿಂದ ಆ ಕೊನೆಯವರೆಗೆ ಮೂರು ಪಟ್ಟೆ ಎಳೆದಳು. ನಡುವೆ ಒಂದು ರೂಪಾಯಿಯಗಲದ ಕುಂಕುಮ.

ನಮ್ಮ ಜನರಲ್ಲಿ ಒಂದು ಕಟ್ಟಳೆಯಿದೆ. ಹೊಸ ಗಾಡಿಗೆ ಹಿರಿಯರು ಹಚ್ಚಿದ ವಿಭೂತಿಯನ್ನು ಮೊದಲ ದೂರಪಯಣ ಮುಗಿಯುವ ತನಕ ಯಾರೂ ಒರೆಸಕೂಡದು. ಅದು ತಾನಾಗಿ ಒಣಗಿ ತಾನಾಗಿ ಉದುರಬೇಕು. ಟ್ರಾಕ್ಟರಿಗೆ ಹಚ್ಚಿದಾಗ, ಮಿಲ್ಲಿನ ಮೋಟಾರಿಗೆ ಹಚ್ಚಿದಾಗ ಇದರಿಂದ ಯಾರಿಗೂ ತೊಂದರೆಯಾದದ್ದಿಲ್ಲ. ಕಬ್ಬಿಣಕ್ಕೆ ವಿಭೂತಿ ಹಚ್ಚಿದರೆ ಅದು ಸುಮ್ಮನಿರುತ್ತದೆ. ಈ ಗಾಜು ಸುಮ್ಮನಿರುವ ಜಾತಿಯದಲ್ಲ. ಅದಕ್ಕೆ ಒದ್ದೆ ವಿಭೂತಿಯೂ ಒಂದೇ, ಯಜಮಾನನ ಬೆರಳೂ ಒಂದೇ.

ನಿಂಬೆಹಣ್ಣು ಜಜ್ಜಿ ಗೇಟು ದಾಟಿದೆವು. ಚಿನ್ನಕ್ಕ ಹಿಂದಿನ ಸೀಟಿನಲ್ಲಿ, ನಾನು ಮುಂದೆ ಎಡಗಡೆ. ಅಯೋಧ್ಯಾಪಟ್ಟಣಂ ಬರುವ ಮೊದಲೇ ವಿಭೂತಿ ತನ್ನ ಕೆಲಸ ಶುರುಮಾಡಿತು. ಮೊದಲನೆಯ ಪಟ್ಟೆ ಏಸಿಯನ್ನು ಹದಿನಾರಕ್ಕೆ ಇಳಿಸಿತು. ಎರಡನೆಯದು ಒಂದು ತಮಿಳು ಹಾಡನ್ನು ಕಿವಿ ತೂತಾಗುವಂತೆ ಹಚ್ಚಿತು. ಕುಂಕುಮ ಸೋರಿ ಕೆಳಗಿಳಿದು ಎಲ್ಲಿಗೆ ತಗುಲಿತೋ, ನೆತ್ತಿಯ ಮೇಲಿನ ಗಾಜು ಸರ್ರನೆ ಹಿಂದಕ್ಕೆ ಸರಿದು ಆಕಾಶ ಒಳಗೆ ಬಂತು. ಕೆಳಗೆ ಮಾರ್ಗಶಿರದ ಚಳಿ, ಮೇಲೆ ಬಿಸಿಲು.

ಆಫ್ ಮಾಡು ಎಂದರು ನಮ್ಮವರು. ಅವರ ಕಣ್ಣು ರಸ್ತೆಯ ಮೇಲಿತ್ತು. ನಾನು ಎರಡು ಪಟ್ಟೆಗಳ ನಡುವಿನ ಸಂದಿ ಹುಡುಕಿ, ವಿಭೂತಿಗೆ ತಗುಲದ ಹಾಗೆ ಬೆರಳ ತುದಿ ಇಟ್ಟೆ. ಏಸಿ ನಿಲ್ಲಲಿಲ್ಲ. ನನ್ನ ಸೀಟು ದೋಸೆಕಲ್ಲಿನ ಹಾಗೆ ಕಾಯತೊಡಗಿತು. ಮುಂದೆ ನಡುಗುತ್ತ ಹಿಂದೆ ಬೇಯುತ್ತ ನಾನು ಕೂತೆ. ಒರೆಸಿಬಿಡಲೇ ಎಂದು ಕೇಳಿದೆ. ಕೆಲಸಕ್ಕೆ ಸೇರುವ ಮೊದಲ ದಿನವೇ ಯಜಮಾನಿತಿಯ ವಿಭೂತಿ ಒರೆಸಿದರೆ ಸೋಮವಾರ ಎಂಬುದು ಬರುವುದೇ ಇಲ್ಲ ಎಂದರು. ಸೋಮವಾರವೆಂದ ಕೂಡಲೇ ನನ್ನ ಅಡುಗೆಮನೆ ನೆನಪಾಯಿತು. ಕೈ ಹಿಂದಕ್ಕೆ ತೆಗೆದುಕೊಂಡೆ.

ಆಗ ಹಿಂದಿನಿಂದ ನರಳುವ ಸದ್ದು ಬಂತು. ತಿರುಗಿ ನೋಡಿದರೆ ಚಿನ್ನಕ್ಕ ಕಣ್ಣು ಮುಚ್ಚಿ ಬಾಯಿ ತೆರೆದು ಒರಗಿದ್ದಾಳೆ.

"ಅಯ್ಯಯ್ಯಪ್ಪಾ... ಯಾರೋ ನನ್ನ ಬೆನ್ನು ಒತ್ತುತಾವ್ರೆ ಕಣೆ ರೋಜಾ..."

ಮೂರನೆಯ ಪಟ್ಟೆ ಹಿಂದಿನ ಸೀಟಿನ ಮಸಾಜು ಹಚ್ಚಿತ್ತು. ಅಂಥದೊಂದು ಇದೆಯೆಂದು ಆ ಮನೆಯಲ್ಲಿ ಯಾರೂ ಅವಳಿಗೆ ಹೇಳಿರಲಿಲ್ಲ. ಸೀಟಿನೊಳಗಿಂದ ಮುಷ್ಟಿಯಂಥದೇನೋ ಸೊಂಟದಿಂದ ಹೆಗಲಿಗೆ, ಹೆಗಲಿಂದ ಸೊಂಟಕ್ಕೆ ಉರುಳುತ್ತಿತ್ತು. ಅವಳು ಹನ್ನೆರಡನೆಯ ವಯಸ್ಸಿನಿಂದ ಬೆನ್ನ ಮೇಲೆ ಹುಲ್ಲು ಹೊತ್ತವಳು, ಕುರಿಮರಿ ಹೊತ್ತವಳು, ಆರು ಮಕ್ಕಳನ್ನು ಹೊತ್ತವಳು. ಆ ಬೆನ್ನನ್ನು ಯಾರಾದರೂ ಒತ್ತಿದ್ದು ಇದೇ ಮೊದಲಿರಬೇಕು. ಅವಳು ಒಂದೊಂದು ಉರುಳಿಗೂ ಒಂದೊಂದು ದೇವರನ್ನು ಕರೆಯುತ್ತ ನರಳತೊಡಗಿದಳು.

ಇಷ್ಟರಲ್ಲಿ ಸೋರುತ್ತಿದ್ದ ಕುಂಕುಮ ಪರದೆಯ ಕೆಳತುದಿ ಮುಟ್ಟಿತು. ಹಾಡು ನಿಂತು, ಒಂದು ಹೆಣ್ಣು ದನಿ ಇಂಗ್ಲಿಷಿನಲ್ಲಿ ತುರ್ತು ಸಹಾಯಕ್ಕೆ ಕರೆದಿದ್ದೀರಿ, ಎಲ್ಲರೂ ಕ್ಷೇಮವೇ ಎಂದು ಕೇಳಿತು. ನಮ್ಮವರು ಯಾವುದೇ ಅಧಿಕಾರಿಗೆ ಕೊಡುವ ಉತ್ತರವನ್ನೇ ಕೊಟ್ಟರು: ವಂಡಿ ಸಮಯಕ್ಕೆ ಸರಿಯಾಗಿ ಓಡುತ್ತಿದೆ, ಬ್ರೇಕ್‌ಡೌನ್ ಇಲ್ಲ. ಗಾಳಿಯ ಸದ್ದಿನಲ್ಲಿ ಆ ಹುಡುಗಿಗೆ ಅದೇನೂ ಕೇಳಿಸಿರಲಾರದು. ಚಿನ್ನಕ್ಕನ ನರಳಾಟ ಮಾತ್ರ ಸ್ಪಷ್ಟವಾಗಿ ಕೇಳಿಸಿತು. ಗಾಯವಾಗಿರುವವರು ಎಷ್ಟು ಜನ ಎಂದು ಅವಳು ಕೇಳಿದಳು. ಚಿನ್ನಕ್ಕ ಆ ಹುಡುಗಿಯೇ ಬೆನ್ನು ಒತ್ತುತ್ತಿದ್ದಾಳೆಂದು ತಿಳಿದು, ಇನ್ನೂ ಸ್ವಲ್ಪ ಕೆಳಗೆ, ಸತ್ತೇ ಹೋದೆ ತಾಯಿ, ಎಂದು ಅವಳಿಗೆ ಹೇಳಿದಳು. ಭಾಷೆ ತಿಳಿಯದಿದ್ದರೂ ದನಿಗೆ ಅನುವಾದ ಬೇಕಾಗಲಿಲ್ಲ. ಹೆದರಬೇಡಿ, ಸಹಾಯ ಕಳಿಸುತ್ತಿದ್ದೇವೆ ಎಂದು ಕರೆ ಕಡಿಯಿತು. ಹಾಡು ಮತ್ತೆ ಹತ್ತಿಕೊಂಡಿತು.

ಮಂಜವಾಡಿ ಕಣಿವೆ ಶುರುವಾಗಿತ್ತು. ಎದುರಿಗೆ ಲಾರಿ, ಪಕ್ಕಕ್ಕೆ ಇಳಿಜಾರು. ಒಂದು ತಿರುವಿನಲ್ಲಿ ರಸ್ತೆ ತುಂಬ ಕುರಿಮಂದೆ. ಆ ಹೊತ್ತು ನನ್ನ ಗಂಡನನ್ನು ನೀವು ನೋಡಬೇಕಿತ್ತು. ನೆತ್ತಿಯ ಮೇಲೆ ಆಕಾಶ, ಕಿವಿಯಲ್ಲಿ ಹಾಡು, ಕಾಲಿಗೆ ಚಳಿ, ಪಕ್ಕದಲ್ಲಿ ಬೇಯುತ್ತಿರುವ ಹೆಂಡತಿ, ಹಿಂದೆ ನರಳುತ್ತಿರುವ ಅಕ್ಕ. ಅವರು ಆ ಪರದೆಯ ಕಡೆ ಒಮ್ಮೆಯೂ ತಿರುಗಲಿಲ್ಲ. ಎರಡು ಕೈಯಲ್ಲಿ ಸ್ಟೀರಿಂಗು ಹಿಡಿದು, ಹಸುಗೂಸಿನ ತೊಟ್ಟಿಲು ತೂಗುವ ಹಾಗೆ ಆ ಆನೆಯಂಥ ಗಾಡಿಯನ್ನು ಕುರಿಗಳ ನಡುವೆ ದಾಟಿಸಿ, ಕಣಿವೆ ಇಳಿಸಿದರು.

ಕೆಳಗೆ ಚೆಕ್‌ಪೋಸ್ಟಿನಲ್ಲಿ ತಡೆಗೋಲು ಅಡ್ಡ ಇಟ್ಟು ಸಬ್ ಇನ್ಸ್‌ಪೆಕ್ಟರ್ ನಾಗರಾಜನ್ ರಸ್ತೆಯ ನಡುವೆಯೇ ನಿಂತಿದ್ದರು. ಪಕ್ಕದಲ್ಲಿ ಒಬ್ಬ ಕಾನ್‌ಸ್ಟೇಬಲ್ಲು, ಆಂಬುಲೆನ್ಸು. ನಾವು ನಿಲ್ಲಿಸಿದ ಕೂಡಲೇ ಅವರು ಓಡಿ ಬಂದು, "ಯಾರುಕ್ಕು ಅಡಿ?" ಎಂದು, ಪೆಟ್ಟಾದದ್ದು ಯಾರಿಗೆಂದು ಕೇಳಿದರು. ಯಾರಿಗೂ ಇಲ್ಲವೆಂದು ನಮ್ಮವರು ತಮಿಳಿನಲ್ಲಿ ಹೇಳಿದರು. ಹಿಂದಿನಿಂದ ಚಿನ್ನಕ್ಕ, ಅಯ್ಯೋ ಶಿವನೇ, ಎಂದಳು. ಸ್ಟ್ರೆಚರು ಬಂತು.

ಚಿನ್ನಕ್ಕನನ್ನು ಇಳಿಸಲು ಇಬ್ಬರು ಕೈಹಾಕಿದರು. ಅವಳು ಸೀಟು ಹಿಡಿದುಕೊಂಡು ಇಳಿಯುವುದಿಲ್ಲವೆಂದಳು. ನೋವಿಗೆ ಹೀಗಾಡುತ್ತಿದ್ದಾರೆ ಎಂದು ಆಂಬುಲೆನ್ಸಿನವರು. ನೋವು ಹೋಗುತ್ತಿದೆ, ಅದಕ್ಕೇ ಇಳಿಯುವುದಿಲ್ಲ ಎಂದು ಅವಳು. ನಾಗರಾಜನ್ ಅವರಿಗೆ ನಾನು ಇದ್ದದ್ದನ್ನು ಇದ್ದಂತೆ ಹೇಳಿದೆ. ಅವರು ಒಳಗೆ ಬಗ್ಗಿ ಪರದೆ ನೋಡಿದರು. ಇಷ್ಟೇ ತಾನೇ, ಒರೆಸಿದರಾಯಿತು ಎಂದು ಕರವಸ್ತ್ರ ತೆಗೆದರು. ಕೈ ಮುಂದೆ ಹೋಯಿತು. ಪಟ್ಟೆಯ ಹತ್ತಿರ ನಿಂತಿತು. ಅವರ ಹಣೆಯ ಮೇಲೂ ಮೂರು ಪಟ್ಟೆಯಿತ್ತು. ನೀನು ಒರೆಸು ಎಂದು ಕಾನ್‌ಸ್ಟೇಬಲ್ಲಿಗೆ ಹೇಳಿದರು. ಆತ, ತಾನು ಮಾಲೆ ಹಾಕಿದ್ದೇನೆಂದು ಅಂಗಿಯ ಗುಂಡಿ ಬಿಚ್ಚಿ ತೋರಿಸಿದ. ಆಂಬುಲೆನ್ಸಿನ ಡ್ರೈವರು ಚಪ್ಪಲಿ ಬಿಟ್ಟು ಬಂದು ಪರದೆಗೆ ಕೈಮುಗಿದು ಹಿಂದಕ್ಕೆ ಹೋದ.

ಇಂಥ ಸ್ಥಿತಿಯಲ್ಲಿ ಮಿಲ್ಲಿನ ಟೆಂಪೊ ಧೂಳೆಬ್ಬಿಸಿಕೊಂಡು ಬಂತು. ಅದರಿಂದ ಧನಶೇಖರ್ ಹಾರಿ ಇಳಿದ. ಮೈಮೇಲೆಲ್ಲ ಜವ್ವರಿಸಿಯ ಹಿಟ್ಟು. ಕಾರಿನ ಕಂಪನಿಯವರು ಅವನಿಗೆ ಫೋನು ಮಾಡಿ, ನಿಮ್ಮ ಗಾಡಿಯಲ್ಲಿ ಒಬ್ಬ ವೃದ್ಧೆ ಪ್ರಾಣಸಂಕಟದಲ್ಲಿದ್ದಾರೆ ಎಂದಿದ್ದರು. ತಾಯಿ ಬದುಕಿರುವುದನ್ನು ಕಂಡು ಅವನಿಗೆ ಕಣ್ಣಲ್ಲಿ ನೀರು ಬಂತು. ಬಂದ ನೀರು ಒಣಗಿದ ಕೂಡಲೇ ಸಿಟ್ಟು ಬಂತು.

"ಟಚ್ಚು ಗೊತ್ತೈತೆ ಅಂದ್ರಲ್ಲಾ ಮಾವಾ. ಒಂದು ಆಫ್ ಮಾಡಕ್ಕೂ ಬರ್ಲಿಲ್ವಾ ನಿಮ್ಗೆ?"

ನಮ್ಮವರು ತಲೆ ತಗ್ಗಿಸಿದರು. ತಮ್ಮ ಹತ್ತು ಬೆರಳನ್ನೂ ಒಮ್ಮೆ ನೋಡಿಕೊಂಡರು. "ನನ್ನ ಬೆರಳು ಅದ್ಕೆ ಗೊತ್ತಾಗಕಿಲ್ಲ ಕಣಪ್ಪಾ," ಎಂದರು. ಅವರು ಸೋತ ಮಾತು ಆಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ನನ್ನ ಸೋಮವಾರ ಮಂಜವಾಡಿಯ ಧೂಳಿನಲ್ಲಿ ಕರಗಿಹೋಯಿತು. ಆದರೂ ಆ ಹೊತ್ತಿಗೆ ನನಗೆ ಅಡುಗೆಮನೆ ನೆನಪಾಗಲಿಲ್ಲ, ಆ ಬೆರಳುಗಳೇ ಕಾಣುತ್ತಿದ್ದವು.

ಧನಶೇಖರ್ ಸರಸರನೆ ಹೋಗಿ ತೋಳಿನಿಂದಲೇ ಪರದೆ ಒರೆಸಿಬಿಟ್ಟ. ಕಾನ್‌ಸ್ಟೇಬಲ್ಲು ಕಣ್ಣು ಮುಚ್ಚಿಕೊಂಡ. ಹಾಡು ನಿಂತಿತು, ಏಸಿ ನಿಂತಿತು, ಚಾವಣಿ ಮುಚ್ಚಿತು, ನನ್ನ ಸೀಟು ಆರಿತು. ಎಲ್ಲಕ್ಕಿಂತ ಮುಖ್ಯವಾಗಿ ಚಿನ್ನಕ್ಕನ ಬೆನ್ನ ಮೇಲಿನ ಕೈ ನಿಂತಿತು.

ಅವಳು ಕಣ್ಣು ಬಿಟ್ಟಳು. "ನಿಲ್ಸಿದ್ಯಾ?" ಎಂದು ಮಗನನ್ನು ಮೆಲ್ಲಗೆ ಕೇಳಿದಳು. "ಮತ್ತೆ ಅಚ್ಚು ಇವಾಗ."

ಅದೇನು ದೊಡ್ಡದು ಎಂದು ಧನಶೇಖರ್ ಪರದೆ ಮುಟ್ಟಿದ. ಒಂದು ಪುಟ ಹೋಗಿ ಇನ್ನೊಂದು ಬಂತು. ಭೂಪಟ ಬಂತು, ಹವಾಮಾನ ಬಂತು, ಗಾಡಿಯ ಒಳಬೆಳಕು ಗುಲಾಬಿಯಾಯಿತು. ಸೀಟಿನ ಚಿತ್ರ ಬಂತು, ಆದರೆ ಅದು ಮುಂದಿನ ಸೀಟು. ಹಿಂದಕ್ಕೆ ಹೋಗಲು ಹೋಗಿ ಭಾಷೆ ಬದಲಾಗಿ ಪರದೆ ತುಂಬ ಚೀನಿಯೋ ಜಪಾನಿಯೋ ಅಕ್ಷರಗಳು ಬಂದವು. ನಾಗರಾಜನ್ ಒಂದು ಕೈ ನೋಡಿದರು. ಬಸ್ಸಾಗಿದ್ದರೆ ಒಂದು ಗುಂಡಿ ಇರುತ್ತಿತ್ತು ಎಂದು ನಮ್ಮವರು ಗೊಣಗಿದರು. ಮಾಲೆ ಹಾಕಿದವನೂ ಈಗ ಪ್ರಯತ್ನಿಸಿದ. ಹಿಂದುಗಡೆಯ ಡಿಕ್ಕಿ ತೆರೆದುಕೊಂಡಿತು. ಚಿನ್ನಕ್ಕ ಎಲ್ಲರನ್ನೂ ದುರುಗುಟ್ಟಿ ನೋಡುತ್ತ ಕೂತಿದ್ದಳು. ಅಂಥ ನೋಟಕ್ಕೆ ಗಂಡಸರು ಹೆದರುತ್ತಾರೆ.

ನಾನು ಸರಿಯಿರಿ ಎಂದೆ. ದಾರಿಯುದ್ದಕ್ಕೂ ಆ ಮೂರು ಪಟ್ಟೆಗಳನ್ನೇ ನೋಡುತ್ತ ಬಂದವಳು ನಾನು. ಮೂರನೆಯ ಪಟ್ಟೆ ಮೊದಲು ಎಲ್ಲಿ ತಗುಲಿತು, ಅಲ್ಲಿಂದ ಜಾರಿ ಎಲ್ಲಿ ನಿಂತಿತು, ಎಲ್ಲ ನನ್ನ ಕೈಗೆ ಗೊತ್ತಿತ್ತು, ಹಳೆಯ ಅಡುಗೆಮನೆಯ ಉಪ್ಪಿನ ಡಬ್ಬಿಯ ಹಾಗೆ. ಅಕ್ಷರ ಓದಲಿಲ್ಲ. ಎಡಗಡೆ ಗೇಣುದ್ದ, ಅಲ್ಲಿಂದ ಕೆಳಗೆ ಎರಡು ಬೆರಳು, ಮತ್ತೆ ಬಲಕ್ಕೆ ಒಂದು. ಮುಟ್ಟಿದೆ.

"ಅಯ್ಯಪ್ಪಾ..." ಎಂದು ಚಿನ್ನಕ್ಕ ಒರಗಿದಳು. ಆಂಬುಲೆನ್ಸಿನವರು ಮತ್ತೆ ಓಡಿ ಬಂದರು.

ಸ್ವಲ್ಪ ಹೊತ್ತಿನ ಮೇಲೆ ಕಣ್ಣು ಮುಚ್ಚಿಕೊಂಡೇ ಅವಳು ತೀರ್ಪು ಹೇಳಿದಳು.

"ಲೇ ಧನಶೇಖರಾ, ನಿನ್ನ ಅಳೇ ಡ್ರೈವರು ಪ್ಯಾಟೆಯೊಳ್ಗೇ ದಾರಿ ನೋಡ್ದೆ ಆ ಟೀವೀನೇ ನೋಡ್ಕಂಡು ಓಡುಸ್ತಿದ್ದ. ನಾನು ಪ್ರಾಣ ಕೈಯಾಗ್ ಇಡ್ಕಂಡು ಕುಂತಿರ್ತಿದ್ದೆ. ಇವ್ನು ಘಾಟಿ ಇಳ್ಸೋಗಂಟ ಒಂದು ಕಿತ ಅದ್ರ ಕಡೆ ತಿರುಗ್ಲಿಲ್ಲ. ಓಡ್ಸಕ್ಕೆ ಇವ್ನಿರ್ಲಿ, ಮುಟ್ಟಕ್ಕೆ ರೋಜಾ ಇರ್ಲಿ. ಇಬ್ರಿಗೂ ಸಂಬ್ಳ ಕೊಡು."

ಧನಶೇಖರ್ ಸರಿಯಮ್ಮಾ ಎಂದು ಟೆಂಪೊ ಹತ್ತಿದ. ನಾಗರಾಜನ್ ತಡೆಗೋಲು ಎತ್ತಿಸಿದರು. ನಮ್ಮವರು ನನ್ನ ಕಡೆ ತಿರುಗಿ, ಕಂಡಕ್ಟರಿಗೆ ಹೇಳುವ ಗಾಂಭೀರ್ಯದಲ್ಲಿ, "ರೈಟಾ?" ಎಂದು ಕೇಳಿದರು. ರೈಟ್ ಎಂದೆ.

ಪಾಪಿರೆಡ್ಡಿಪಟ್ಟಿಯಲ್ಲಿ ಚಿನ್ನಕ್ಕ ಕಿವಿ ಚುಚ್ಚುವ ಶಾಸ್ತ್ರಕ್ಕೆ ಮಾತ್ರ ಇಳಿದು ಮತ್ತೆ ಹತ್ತಿ ಕೂತಳು. ಅವಳ ಊಟದ ಎಲೆ ಕಾರಿಗೇ ಬಂತು. ಇದೇನು ದೊಡ್ಡಸ್ತಿಕೆ ಎಂದು ಕೇಳಲು ಬಂದ ತಂಗಿ ಮಾರಕ್ಕನನ್ನು ಅವಳು ಒಳಗೆ ಕರೆದು ಪಕ್ಕದಲ್ಲಿ ಕೂರಿಸಿಕೊಂಡಳು. ಮಾರಕ್ಕ ಕೇಳಲು ಬಂದದ್ದನ್ನು ಮರೆತಳು. ಸುದ್ದಿ ಹಿತ್ತಲಿಗೆ ಹೋಯಿತು. ಸೌದೆ ಹೊತ್ತವರು, ನೀರು ಹೊತ್ತವರು, ಬೆಳಗಿನಿಂದ ಒಲೆಯ ಮುಂದೆ ಬಗ್ಗಿದವರು, ಒಬ್ಬೊಬ್ಬರೇ ಸೆರಗಿಗೆ ಕೈ ಒರೆಸಿಕೊಂಡು ಬಂದು ಕಾರಿನ ಪಕ್ಕ ಸಾಲು ನಿಂತರು. ತಲೆಗೆ ಹತ್ತು ನಿಮಿಷ. ನಮ್ಮವರು ಗಡಿಯಾರ ನೋಡಿ ಹತ್ತಿಸುವುದು, ಇಳಿಸುವುದು. ನಾನು ಮುಟ್ಟುವುದು. ಗಂಡಸರು ಪೆಂಡಾಲಿನಲ್ಲಿ ಎರಡನೆಯ ಸಲ ಅನ್ನ ಬಡಿಸುವವರಿಗಾಗಿ ಕಾದು ಕಾದು, ಕೊನೆಗೆ ತಾವೇ ಬಡಿಸಿಕೊಂಡರು. ಅಲ್ಲಿಂದ ನಾವು ಹೊರಡುವಾಗ ಆರು ಗಂಟೆ.

ಇದಾಗಿ ನಾಲ್ಕು ತಿಂಗಳಾಯಿತು. ದಿನಾ ಒಂಬತ್ತೂವರೆಗೆ ಇಬ್ಬರೂ ಮನೆಗೆ ಬೀಗ ಹಾಕಿ, ಬೀಗದಕೈ ಸತ್ಯಾಳಿಗೆ ಕೊಟ್ಟು ಹೊರಡುತ್ತೇವೆ. ನಾನು ಬೇಡಿದ ವರದಲ್ಲಿ ದೇವರು ಒಂದಕ್ಷರವನ್ನೂ ಕಡಿಮೆ ಮಾಡಿಲ್ಲ. ಹತ್ತರಿಂದ ಐದರವರೆಗೆ ನನ್ನ ಮನೆ ಸದ್ದಿಲ್ಲದೆ, ತಣ್ಣಗೆ, ಡಬ್ಬಿಯೊಂದೂ ಅಲುಗದೆ ಇರುತ್ತದಂತೆ. ಅಷ್ಟು ನೆಮ್ಮದಿ ಬೀದಿಯಲ್ಲೇ ಎಲ್ಲೂ ಇಲ್ಲವೆಂದು ಸತ್ಯಾ ಹೇಳುತ್ತಾಳೆ. ಅವಳು ದಿನಾ ಮಧ್ಯಾಹ್ನ ಊಟವಾದ ಮೇಲೆ ಬಂದು ಅಲ್ಲೇ ಮಲಗುತ್ತಾಳೆ.